ತನ್ನ ಚಿತ್ರ ತಾನೇ ತೆಗೆಯುವ ಕಾಲ
ವ್ಲಾಗಿನ ಜನಪ್ರಿಯತೆ ಎಷ್ಟು? ಅದರ ಬೆಲೆ ಎಷ್ಟು?

ರಾತ್ರಿ ಹನ್ನೊಂದರ ಸುಮಾರಿಗೆ ಕೂಕಟ್‌ಪಲ್ಲಿಯ ಹೊಟೇಲುಗಳ ಷಟರುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಹೆದ್ದಾರಿಯ ಮೇಲೆ ಓಡುವ ಮೆಟ್ರೋ ರೈಲಿನ ಸದ್ದೂ ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ. ಮಾರನೆಯ ದಿನದ ಅಕ್ಕಿ ಉದ್ದುಗಳನ್ನು ನೆನೆಹಾಕಿ, ದೋಸೆಕಲ್ಲನ್ನು ಉಜ್ಜಿ, ಗಲ್ಲಾದ ಲೆಕ್ಕವನ್ನು ಒಪ್ಪಿಸಿ ನಮ್ಮ ಹುಡುಗರು ಮಹಡಿಯ ಕೋಣೆಗೆ ಏರುತ್ತಾರೆ. ಹೌಸಿಂಗ್ ಬೋರ್ಡ್ ಕಾಲೊನಿಯ ಬಾಡಿಗೆ ಕೋಣೆಗಳಲ್ಲಿರುವ ಗುಮಾಸ್ತರೂ ಆ ಹೊತ್ತಿಗೆ ಊಟ ಮುಗಿಸಿ ಚಾಪೆ ಹಾಸಿರುತ್ತಾರೆ. ಆಮೇಲೆ ಕೋಣೆಯ ದೀಪ ಆರುತ್ತದೆ, ಆದರೆ ಕತ್ತಲೆಯಾಗುವುದಿಲ್ಲ. ಆರು ಚಾಪೆಗಳ ಮೇಲೆ ಆರು ಫೋನುಗಳು ಬೆಳಗುತ್ತಿರುತ್ತವೆ.

ಆ ಬೆಳಕಿನಲ್ಲಿ ಅವರು ನೋಡುತ್ತಿರುವುದೇನು? ಚಲಚ್ಚಿತ್ರವೆಂದು ನೀವು ಊಹಿಸಿದರೆ ಅದು ಅರ್ಧ ಮಾತ್ರ ನಿಜ. ಯಾರೋ ಒಬ್ಬ ತರುಣ ಬೆನ್ನಿಗೆ ಚೀಲ ಕಟ್ಟಿಕೊಂಡು ದೂರದೇಶದ ಸಂತೆಯಲ್ಲಿ ಕನ್ನಡ ಮಾತಾಡುತ್ತಾ ನಡೆಯುತ್ತಿದ್ದಾನೆ. ಇನ್ನಾರೋ ಒಬ್ಬ ಗೃಹಿಣಿ ತನ್ನ ಮನೆಯ ಹಿತ್ತಿಲಿನ ಬಸಳೆ ಬಳ್ಳಿಯನ್ನು ತೋರಿಸುತ್ತಿದ್ದಾಳೆ. ಒಬ್ಬ ಲಾರಿಯ ಚಾಲಕ ದಾರಿಬದಿಯಲ್ಲಿ ಒಲೆ ಹೂಡಿ ಸಾರು ಕುದಿಸುತ್ತಿದ್ದಾನೆ. ಇವರಾರೂ ನಟರಲ್ಲ. ತಮ್ಮ ದಿನಚರಿಯನ್ನು ತಾವೇ ಚಿತ್ರಿಸಿ, ತಾವೇ ಮಾತಾಡಿ, ತಾವೇ ಲೋಕಕ್ಕೆ ಬಡಿಸುವವರು. ಇದಕ್ಕೆ ವ್ಲಾಗ್ ಎಂದು ಹೆಸರು, ಮಾಡುವವನು ವ್ಲಾಗರ್. ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರೂ, ಇದರಿಂದಲೇ ಬಾಳು ಬೆಳಗೀತೆಂದು ನಂಬಿರುವ ಕಿರಿಯರೂ ನಮ್ಮ ವಾಚಕರಲ್ಲಿ ಸಮಸಮನಾಗಿ ಇದ್ದಾರೆ. ಆದಕಾರಣ ಈ ಹೊಸ ಚಾಳಿಯ ಗುಣದೋಷಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಉಚಿತವೆಂದು ನಮಗೆ ತೋರಿತು. ತೂಗುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅದನ್ನು ಮುಂದೆ ಹೇಳುವೆವು.

ಹುಟ್ಟಿದ ಬಗೆ

ಬರಹದ ದಿನಚರಿಗೆ ಚಿತ್ರವನ್ನು ಜೋಡಿಸಿ ಅಂತರ್ಜಾಲದಲ್ಲಿ ಪ್ರಕಟಿಸಿದವರಲ್ಲಿ ಮೊದಲಿಗನೆಂದು ಸಾಮಾನ್ಯವಾಗಿ ಹೇಳಲಾಗುವವನು ಅಮೆರಿಕದ ಆಡಮ್ ಕೊಂಟ್ರಾಸ್. ಅದು ೨೦೦೦ನೆಯ ಇಸವಿ ಜನವರಿ ೨ರ ಮಾತು. ಹೊಸ ಊರಿಗೆ ಬದುಕನ್ನರಸಿ ಹೊರಟಿದ್ದ ಆತ ತನ್ನ ಪ್ರಯಾಣದ ಸುದ್ದಿಯನ್ನು ಬಂಧುಮಿತ್ರರಿಗೆ ಮುಟ್ಟಿಸಲೆಂದು ಅದನ್ನು ಮಾಡಿದ. ಈ ಸಂಗತಿಯನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ವ್ಲಾಗು ಹುಟ್ಟಿದ್ದು ಕೀರ್ತಿಗಾಗಿ ಅಲ್ಲ, ಹಣಕ್ಕಾಗಿಯೂ ಅಲ್ಲ. ಊರು ಬಿಟ್ಟು ಹೊರಟ ಒಬ್ಬ ಮನುಷ್ಯ ತನ್ನವರಿಗೆ ಬರೆದ ಕಾಗದದಂತೆ ಅದು ಹುಟ್ಟಿತು.

೨೦೦೫ರಲ್ಲಿ ಚಾಡ್ ಹರ್ಲಿ, ಸ್ಟೀವ್ ಚೆನ್, ಜಾವೇದ್ ಕರೀಮ್ ಎಂಬ ಮೂವರು ತರುಣರು ಯೂಟ್ಯೂಬನ್ನು ಆರಂಭಿಸಿದರು. ಆ ವರ್ಷದ ಏಪ್ರಿಲ್ ೨೩ರಂದು ಅದರಲ್ಲಿ ಮೊಟ್ಟಮೊದಲು ಪ್ರಕಟವಾದ ಚಿತ್ರ ಕೇವಲ ೧೯ ಸೆಕೆಂಡಿನದು. ಸ್ಯಾನ್ ಡಿಯೇಗೋ ಪಟ್ಟಣದ ಮೃಗಾಲಯದಲ್ಲಿ ಜಾವೇದ್ ಕರೀಮ್ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲು ಬಹಳ ಉದ್ದವೆಂದು ಹೇಳುತ್ತಾನೆ, ಅಷ್ಟೇ. ಕಥೆಯಿಲ್ಲ, ಹಾಡಿಲ್ಲ. ಆದರೂ ಮರುವರ್ಷವೇ, ಅಂದರೆ ೨೦೦೬ರಲ್ಲಿ, ಗೂಗಲ್ ಕಂಪನಿಯು ಆ ಸಂಸ್ಥೆಯನ್ನು ೧೬೫ ಕೋಟಿ ಡಾಲರಿಗೆ ಕೊಂಡುಕೊಂಡಿತು. ಸಾಮಾನ್ಯ ಮನುಷ್ಯನು ಸಾಮಾನ್ಯ ಮಾತಾಡುವುದನ್ನು ನೋಡಲು ಲೋಕವು ಕಾದಿದೆ ಎಂಬುದನ್ನು ವ್ಯಾಪಾರಿಗಳು ನಮಗಿಂತ ಮೊದಲೇ ಅರಿತಿದ್ದರು.

ನಮ್ಮ ದೇಶದಲ್ಲಿ ಈ ಬೆಳೆ ಹುಲುಸಾದದ್ದು ೨೦೧೬ರ ತರುವಾಯ. ಆ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಯಿತು. ಅದುವರೆಗೆ ನಮ್ಮ ಕೆಲಸಗಾರರ ಕೈಗೆ ಎಟುಕದಂತಿದ್ದ ಅಂತರ್ಜಾಲ ಬಲು ಅಗ್ಗವಾಯಿತು. ಸಂಬಳದ ದಿನ ಮನೆಗೆ ಹಣ ಕಳಿಸಿ, ಉಳಿದುದರಲ್ಲಿ ಕಂತಿನ ಮೇಲೆ ಒಂದು ಫೋನು ಕೊಳ್ಳುವುದು ಹೊಟೇಲು ಹುಡುಗರಿಗೆ ರೂಢಿಯಾಯಿತು. ೨೦೨೦ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಜನ ಮನೆಯಲ್ಲಿ ಕುಳಿತರು; ನೋಡುವವರೂ ಹೆಚ್ಚಿದರು, ಮಾಡುವವರೂ ಹೆಚ್ಚಿದರು. ಅದೇ ವರ್ಷ ಜೂನ್ ೨೯ರಂದು ಭಾರತ ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿತು. ಅದರಲ್ಲಿ ಕುಣಿಯುತ್ತಿದ್ದ, ಹಾಸ್ಯ ಮಾಡುತ್ತಿದ್ದ ತರುಣರೆಲ್ಲ ರಾತ್ರೋರಾತ್ರಿ ನೆಲೆ ತಪ್ಪಿ, ಬೇರೆ ಕಡೆಗಳಿಗೆ ಗುಳೆ ಹೋದರು. ವರ್ಷಗಟ್ಟಲೆ ಕೂಡಿಸಿದ ಅಭಿಮಾನಿಗಳು ಒಂದೇ ದಿನದಲ್ಲಿ ಇಲ್ಲವಾದರು. ಬಾಡಿಗೆಯ ಜಾಗದಲ್ಲಿ ಕಟ್ಟಿದ ಹೊಟೇಲು ಎಷ್ಟೇ ನಡೆದರೂ ಜಾಗ ನಮ್ಮದಲ್ಲವೆಂಬುದನ್ನು ಮರೆಯಬಾರದು. ಈ ಮಾತನ್ನು ಹೊಟೇಲಿನವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಮುಖಗಳು

ಕನ್ನಡದಲ್ಲಿ ಈ ಮಾರ್ಗದಲ್ಲಿ ನಡೆದು ಹೆಸರು ಗಳಿಸಿದವರು ಹಲವರು. ಅವರಲ್ಲಿ ಡಾಕ್ಟರ್ ಬ್ರೋ ಎಂಬ ಹೆಸರಿನಿಂದ ಮನೆಮಾತಾದ ಗಗನ್ ಶ್ರೀನಿವಾಸ್ ಅವರನ್ನು ಅರಿಯದ ಕನ್ನಡ ತರುಣನು ಹೈದರಾಬಾದಿನಲ್ಲಿ ಸಿಗುವುದು ಕಷ್ಟ. "ನಮಸ್ಕಾರ ದೇವ್ರು" ಎಂದು ಆರಂಭಿಸಿ, ಆಫ್ಘಾನಿಸ್ತಾನದಂಥ ದೇಶದ ಬೀದಿಗಳಲ್ಲಿ, ಆಫ್ರಿಕದ ಹಳ್ಳಿಗಳಲ್ಲಿ, ಚೀನದ ಪೇಟೆಗಳಲ್ಲಿ ಬೆಂಗಳೂರಿನ ಆಡುಮಾತನ್ನೇ ಆಡುತ್ತಾ ಅವರು ತಿರುಗುತ್ತಾರೆ. ಹಿಂದೆ ನಮ್ಮ ಹಿರಿಯರು ಪ್ರವಾಸಕಥನಗಳನ್ನು ಗ್ರಂಥಗಳಲ್ಲಿ ಓದಿದರು. ಹಾಗೆ ಹೋಗಿಬಂದವರು ಬಹುಮಟ್ಟಿಗೆ ವಿದ್ವಾಂಸರು, ಶ್ರೀಮಂತರು. ನಮ್ಮ ನಿಮ್ಮಂಥ ಮನೆಯ ಹುಡುಗನೊಬ್ಬ ಅಗ್ಗದ ಕೋಣೆಯಲ್ಲಿ ಮಲಗಿ, ಬೀದಿಯಲ್ಲಿ ಉಂಡು, ಪರದೇಶವನ್ನು ತೋರಿಸಿದಾಗ, ಊರು ಬಿಟ್ಟು ಬಂದ ಕೆಲಸಗಾರನಿಗೆ ತನ್ನ ಮನೆಯವನೇ ಹೋಗಿ ಬಂದಂತಾಗುತ್ತದೆ. ಆಶಾ ಮತ್ತು ಕಿರಣ್ ದಂಪತಿಗಳ ಫ್ಲೈಯಿಂಗ್ ಪಾಸ್‌ಪೋರ್ಟ್ ಕೂಡ ಇದೇ ಕಾರಣಕ್ಕೆ ಜನರಿಗೆ ಪ್ರಿಯವಾಗಿದೆ.

ಅಡಿಗೆಯ ಕಸುಬಿನ ನಮ್ಮವರಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ಕಾಸರಗೋಡು ಸೀಮೆಯ ಸುದರ್ಶನ್ ಭಟ್ಟರೂ ಅವರ ಸೋದರರೂ ನಡೆಸುವ ಭಟ್ ಎನ್ ಭಟ್. ಲಾಕ್‌ಡೌನಿನ ಕಾಲದಲ್ಲಿ ಇದು ಜನರ ಕಣ್ಣಿಗೆ ಬಿತ್ತು. ಹಲಸು, ಕೆಸು, ಬಾಳೆ, ತೆಂಗು ಮುಂತಾದ ಹಿತ್ತಿಲಿನ ಪದಾರ್ಥಗಳಿಂದ ಕರಾವಳಿಯ ಮನೆಯಡಿಗೆಯನ್ನು ಅವರು ಆಡಂಬರವಿಲ್ಲದೆ ಮಾಡಿ ತೋರಿಸುತ್ತಾರೆ. ರಾಜ್ಯದ ಗಡಿಯ ಆಚೆ ಉಳಿದ ಕಾಸರಗೋಡಿನಿಂದ ಹೊರಟ ಈ ಕನ್ನಡವು ಗಡಿಗಳನ್ನು ಲೆಕ್ಕಿಸದೆ ಕೂಕಟ್‌ಪಲ್ಲಿಯ ಕೋಣೆಗೂ ಬರುತ್ತದೆ. ನಮ್ಮ ಪರಿಚಯದ ಪುತ್ತೂರು ಕಡೆಯ ಅಡಿಗೆಭಟ್ಟರೊಬ್ಬರು ಅದನ್ನು ನೋಡುತ್ತಾ, "ನಮ್ಮ ಅಜ್ಜಿ ಇದಕ್ಕೆ ಇಷ್ಟು ಬೆಲ್ಲ ಹಾಕುತ್ತಿರಲಿಲ್ಲ" ಎಂದು ತಕರಾರು ಎತ್ತಿದರು. ಮೂವತ್ತು ವರ್ಷ ಇಡ್ಲಿ ಸಾಂಬಾರಿನಲ್ಲೇ ಕಳೆದ ಅವರಿಗೆ ಅಜ್ಜಿಯ ಅಡಿಗೆ ನೆನಪಾದದ್ದೇ ಆ ಚಿತ್ರದ ಲಾಭವೆಂದು ನಾವು ಎಣಿಸುತ್ತೇವೆ.

ನೆರೆಯ ತೆಲುಗರನ್ನೂ ನೋಡಿ ಕಲಿಯಬೇಕಾದದ್ದಿದೆ. ಜಗಿತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿ ಎಂಬ ಹಳ್ಳಿಯಿಂದ ಹೊರಟ ಮೈ ವಿಲೇಜ್ ಷೋ ಎಂಬುದರಲ್ಲಿ ಗಂಗವ್ವ ಎಂಬ ಹೆಂಗಸು ತೆಲಂಗಾಣದ ಹಳ್ಳಿಯ ಮಾತನ್ನು ಇದ್ದದ್ದು ಇದ್ದಂತೆ ಆಡಿ ನಾಡಿನ ಪ್ರೀತಿ ಗಳಿಸಿದಳು. ಕೂಲಿ ಮಾಡಿ ಬದುಕಿದ ಆಕೆ ೨೦೨೦ರಲ್ಲಿ ತೆಲುಗು ಬಿಗ್ ಬಾಸ್ ಕಾರ್ಯಕ್ರಮಕ್ಕೂ ಹೋಗಿಬಂದಳು. ನಗರದವರು ಹಿಂದೆ ಗೇಲಿ ಮಾಡುತ್ತಿದ್ದ ಭಾಷೆಯೇ ಆಕೆಯ ಬಂಡವಾಳವಾಯಿತು. ತೆಲಂಗಾಣದವರೇ ಆದ ನಾರಾಯಣ ರೆಡ್ಡಿ ಎಂಬ ವೃದ್ಧರು ಗ್ರ್ಯಾಂಡ್‌ಪಾ ಕಿಚನ್ ಎಂಬ ಹೆಸರಿನಲ್ಲಿ ಬಯಲಿನಲ್ಲಿ ಒಲೆ ಹೂಡಿ, ದೊಡ್ಡ ಪಾತ್ರೆಗಳಲ್ಲಿ ಅಡಿಗೆ ಮಾಡಿ, ಅದನ್ನು ಅನಾಥ ಮಕ್ಕಳಿಗೆ ಬಡಿಸುತ್ತಿದ್ದರು. ೨೦೧೯ರಲ್ಲಿ ಅವರು ತೀರಿಕೊಂಡಾಗ ಅವರನ್ನು ಕಣ್ಣಾರೆ ಕಾಣದ ದೇಶದೇಶಗಳ ಜನ ಶೋಕಿಸಿದರು. ಅಡಿಗೆಯವನಿಗೆ ಇಂಥ ಗೌರವ ಸಿಕ್ಕಿದ್ದು ನಮ್ಮ ಕಸುಬಿಗೇ ಸಿಕ್ಕ ಗೌರವವಲ್ಲವೇ?

ನಮ್ಮ ಗಲ್ಲಾದಲ್ಲಿ ಮೂರು ದಿನ

ಈಗ ನಮ್ಮ ತಪ್ಪಿನ ಮಾತು. ನಾವು ಗಲ್ಲಾ ಬಿಟ್ಟು ಲೇಖನಿ ಹಿಡಿಯುವುದಕ್ಕೆ ಮುಂಚೆ, ೨೦೧೯ರಲ್ಲಿ ನಡೆದದ್ದಿದು. ನಮ್ಮ ಹೊಟೇಲಿನಲ್ಲಿ ಬೈಂದೂರು ಕಡೆಯ ಒಬ್ಬ ಹುಡುಗ ಸಪ್ಲೈಯರಾಗಿದ್ದ. ಚುರುಕಾದವನು, ಒಂದೇ ಕೈಯಲ್ಲಿ ಐದು ಲೋಟ ತರುವ ಜಾತಿ. ಆದರೆ ಬಿಡುವು ಸಿಕ್ಕಿತೆಂದರೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ತನ್ನ ಚಿತ್ರ ತೆಗೆದುಕೊಳ್ಳುತ್ತಿದ್ದ. ದೋಸೆ ಹೊಯ್ಯುವ ಭಟ್ಟರನ್ನು, ಗ್ರೈಂಡರನ್ನು, ಬೆಳಗಿನ ಜಾವದ ತರಕಾರಿ ಗಾಡಿಯನ್ನು, ಹಬೆಯಾಡುವ ಇಡ್ಲಿ ತಟ್ಟೆಯನ್ನು ತೋರಿಸಿ ತನ್ನ ಕುಂದಾಪ್ರ ಕನ್ನಡದಲ್ಲಿ ಏನೇನೋ ಹೇಳುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ, ಗಿರಾಕಿಗಳು ಬಾಗಿಲವರೆಗೆ ನಿಂತಿದ್ದ ಹೊತ್ತಿನಲ್ಲಿ, ಇವನು ಅಡಿಗೆಮನೆಯ ಮೂಲೆಯಲ್ಲಿ ಚಿತ್ರ ತೆಗೆಯುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. ನಮಗೆ ಸಿಟ್ಟು ನೆತ್ತಿಗೇರಿತು. ಎಲ್ಲರೆದುರು ಬೈದು, ಫೋನನ್ನು ಕಿತ್ತುಕೊಂಡು ಗಲ್ಲಾಪೆಟ್ಟಿಗೆಯೊಳಗೆ ಹಾಕಿ ಬೀಗ ತಿರುಗಿಸಿದೆವು. "ಸಂಬಳದ ದಿನ ತೆಗೆದುಕೊಂಡು ಹೋಗು" ಎಂದೆವು.

ಹುಡುಗ ಮರುಮಾತಾಡಲಿಲ್ಲ. ಮೂರನೆಯ ದಿನ ಸಾಯಂಕಾಲ ಹೊಟೇಲಿನ ಫೋನಿಗೆ ಒಂದು ಕರೆ ಬಂತು. ಆ ಕಡೆ ಹೆಂಗಸಿನ ದನಿ. "ಸಾವ್ಕಾರ್ರೇ, ಮಾಣಿಗ್ ಹುಷಾರಿಲ್ಯಾ? ಮೂರ್ ದಿನ ಆಯ್ತ್ ಅವ್ನ ಮುಖ ಕಾಣ್ದೆ."

ಹುಡುಗ ಆ ಚಿತ್ರಗಳನ್ನು ತೆಗೆಯುತ್ತಿದ್ದದ್ದು ಲೋಕಕ್ಕಾಗಿ ಅಲ್ಲ. ಅವನಿಗಿದ್ದ ಪ್ರೇಕ್ಷಕರು ಹೆಚ್ಚೆಂದರೆ ಮೂವತ್ತು ನಾಲ್ವತ್ತು ಮಂದಿ. ಅವರಲ್ಲಿ ದಿನವೂ ತಪ್ಪದೆ ನೋಡುವವಳು ಅವನ ತಾಯಿ. ಪಕ್ಕದ ಮನೆಯ ಹುಡುಗಿಯ ಫೋನಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಆಕೆ ಮಗನನ್ನು ನೋಡುತ್ತಿದ್ದಳು. ಕರೆ ಮಾಡಿ ಕೇಳಿದರೆ ಮಗ "ಸೌಖ್ಯ" ಎಂದೇ ಹೇಳುತ್ತಾನೆ. ಮುಖ ನೋಡಿದರೆ ಮಾತ್ರ ಉಂಡಿದ್ದಾನೋ ಇಲ್ಲವೋ ತಾಯಿಗೆ ತಿಳಿಯುತ್ತದೆ. ನಾವು ಗಲ್ಲಾದಲ್ಲಿ ಬೀಗ ಹಾಕಿ ಇಟ್ಟದ್ದು ಫೋನನ್ನಲ್ಲ, ಆ ತಾಯಿಯ ಮೂರು ಸಂಜೆಗಳನ್ನು.

ಫೋನನ್ನು ಆಗಲೇ ಹಿಂದಿರುಗಿಸಿದೆವು. ಆದರೆ ಎಲ್ಲರೆದುರು ಬೈದ ನಾವು ಕ್ಷಮೆ ಕೇಳಿದ್ದು ಒಬ್ಬನೇ ಇದ್ದಾಗ, ಅದೂ ಅರೆಬಾಯಲ್ಲಿ. ತಿಂಗಳು ತುಂಬಿದ ಮೇಲೆ ಅವನು ಲೆಕ್ಕ ತೀರಿಸಿಕೊಂಡು ಬೇರೆ ಕಡೆಗೆ ಹೋದ. ಗಿರಾಕಿಯ ಹೊತ್ತಿನಲ್ಲಿ ಕೆಲಸ ಬಿಟ್ಟು ಚಿತ್ರ ತೆಗೆದದ್ದು ಅವನ ತಪ್ಪೆಂಬುದನ್ನು ನಾವು ಇಂದಿಗೂ ಹೇಳುತ್ತೇವೆ. ಆದರೆ ಒಬ್ಬನ ಸ್ವಂತ ಸೊತ್ತನ್ನು ಕಿತ್ತಿಡಲು ಸಂಬಳ ಕೊಡುವವನಿಗೆ ಅಧಿಕಾರವಿಲ್ಲ. ಒಪ್ಪಂದದ ಮಾತಿನಿಂದ ತೀರುವುದನ್ನು ಬೀಗದಿಂದ ತೀರಿಸಹೋದದ್ದು ನಮ್ಮ ತಪ್ಪು. ಆಮೇಲೆ ನಾವು ಹೊಟೇಲಿನಲ್ಲಿ ಒಂದು ನಿಯಮ ಮಾಡಿದೆವು: ಮಧ್ಯಾಹ್ನ ಮೂರರಿಂದ ನಾಲ್ಕರವರೆಗಿನ ಬಿಡುವಿನಲ್ಲಿ ಯಾರು ಬೇಕಾದರೂ ಚಿತ್ರ ತೆಗೆಯಬಹುದು, ಕುದಿಯುವ ಎಣ್ಣೆಯ ಹತ್ತಿರ ಫೋನು ಕೂಡದು, ಗಿರಾಕಿಯ ಮುಖ ಅವರ ಒಪ್ಪಿಗೆಯಿಲ್ಲದೆ ಬರಕೂಡದು. ಈ ನಿಯಮವನ್ನು ಮುರಿದವರು ಕಡಿಮೆ. ಇದನ್ನು ಬೇರೆ ಹೊಟೇಲುಗಳ ಮಾಲಿಕರೂ ಯೋಚಿಸಬಹುದು.

ಹಣದ ಲೆಕ್ಕ

"ಸ್ವಾಮಿ, ವ್ಲಾಗಿನಿಂದ ಲಕ್ಷಾಂತರ ಸಿಗುತ್ತದಂತೆ, ಕೆಲಸ ಬಿಡಲೇ?" ಎಂದು ನಮ್ಮನ್ನು ಕೇಳುವ ತರುಣರಿದ್ದಾರೆ. ನಾವು ಎಸ್.ಎಸ್.ಎಲ್.ಸಿ.ಯವರೆಗೆ ಓದಿದವರು; ಆದರೆ ಗಲ್ಲಾದಲ್ಲಿ ಕುಳಿತು ಲೆಕ್ಕ ಕಲಿತವರು. ಲೆಕ್ಕ ಹೀಗಿದೆ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಕಡೆಯ ಪಕ್ಷ ೧೦೦೦ ಚಂದಾದಾರರಿರಬೇಕು. ಅದರ ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಜನರು ನಿಮ್ಮ ಚಿತ್ರಗಳನ್ನು ಒಟ್ಟು ೪೦೦೦ ಗಂಟೆಗಳಷ್ಟು ನೋಡಿರಬೇಕು. ಗಿಡ್ಡ ಚಿತ್ರಗಳ ದಾರಿ ಹಿಡಿದರೆ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ನೋಟಗಳಾಗಬೇಕು. ೪೦೦೦ ಗಂಟೆಯೆಂದರೆ ೨,೪೦,೦೦೦ ನಿಮಿಷ. ಒಬ್ಬೊಬ್ಬ ಪ್ರೇಕ್ಷಕ ನಾಲ್ಕು ನಿಮಿಷ ನೋಡುತ್ತಾನೆಂದು ಉದಾರವಾಗಿ ಹಿಡಿದರೂ ಅರುವತ್ತು ಸಾವಿರ ಸಲ ನಿಮ್ಮ ಚಿತ್ರವನ್ನು ಯಾರಾದರೂ ತೆರೆಯಬೇಕು. ಇಷ್ಟಾದ ಮೇಲೆ ಅರ್ಜಿ ಹಾಕುವ ಯೋಗ್ಯತೆ ಬರುತ್ತದೆ; ಹಣ ಇನ್ನೂ ಬಂದಿರುವುದಿಲ್ಲ. ಹಣ ಬರತೊಡಗಿದಾಗ ಉದ್ದದ ಚಿತ್ರಗಳ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ ೫೫ ಪಾಲು ನಿಮ್ಮದು, ೪೫ ಕಂಪನಿಯದು. ಗಿಡ್ಡ ಚಿತ್ರಗಳಲ್ಲಿ ನಿಮ್ಮ ಪಾಲು ನೂರಕ್ಕೆ ೪೫. ಜಾಹೀರಾತುದಾರನು ಎಷ್ಟು ಕೊಡುತ್ತಾನೆಂಬುದು ತಿಂಗಳಿಂದ ತಿಂಗಳಿಗೆ ಬೇರೆ; ಅದನ್ನು ನಂಬಿ ಊರಲ್ಲಿ ಸಾಲ ಮಾಡಬಾರದು.

ಪತ್ರಿಕೆ ನಡೆಸುವ ನಮಗೆ ಚಂದಾದಾರನೆಂಬ ಮಾತಿನ ತೂಕ ಗೊತ್ತು. ನಮ್ಮ ಚಂದಾದಾರನು ಚಂದಾ ಕೊಡುತ್ತಾನೆ, ಪತ್ರಿಕೆ ತಡವಾದರೆ ಜಗಳಕ್ಕೂ ಬರುತ್ತಾನೆ. ಯೂಟ್ಯೂಬಿನ ಚಂದಾದಾರನು ಒಂದು ಗುಂಡಿ ಒತ್ತಿ ಮರೆತುಬಿಡುತ್ತಾನೆ. ಅವನನ್ನು ಮತ್ತೆ ಮತ್ತೆ ಕರೆತರಬೇಕಾದ ದುಡಿಮೆ ದೋಸೆ ಹೊಯ್ಯುವುದಕ್ಕಿಂತ ಕಡಿಮೆಯದೇನಲ್ಲ. ಐದು ನಿಮಿಷದ ಚಿತ್ರಕ್ಕೆ ಕತ್ತರಿಸಿ ಜೋಡಿಸುವ ಕೆಲಸ ಐದು ಗಂಟೆ ಹಿಡಿಯುತ್ತದೆಂದು ಮಾಡುವವರೇ ಹೇಳುತ್ತಾರೆ. ಆ ಐದು ಗಂಟೆ ಬರುವುದು ನಿದ್ರೆಯಿಂದ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕಾದವನು ಎರಡರವರೆಗೆ ಎಚ್ಚರವಿದ್ದರೆ ಕೈ ಸುಡುವುದು ಎಣ್ಣೆಯಲ್ಲಿ.

ಇಲ್ಲಿ ಅನುಕರಣೆಗೆ ಯೋಗ್ಯನಾದವನು ಝಾರ್ಖಂಡಿನ ಲಾರಿ ಚಾಲಕ ರಾಜೇಶ್ ರವಾನಿ. ಲಾರಿಯಲ್ಲೇ ಅಡಿಗೆ ಮಾಡಿಕೊಂಡು ಉಣ್ಣುವುದನ್ನು, ದಾರಿಯ ಸುಖದುಃಖಗಳನ್ನು ತೋರಿಸಿ ಆತ ಲಕ್ಷಾಂತರ ಜನರನ್ನು ಗಳಿಸಿದ. ಅದರ ಆದಾಯದಲ್ಲಿ ಮನೆಯನ್ನೂ ಕಟ್ಟಿಸತೊಡಗಿದ. ೨೦೨೪ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಆತನ ಸುದ್ದಿ ಬಂದಾಗಲೂ ಲಾರಿಯ ಚಕ್ರವನ್ನು ಕೈಬಿಟ್ಟಿರಲಿಲ್ಲ. ಕಸುಬನ್ನು ಬಿಟ್ಟಿದ್ದರೆ ತೋರಿಸಲು ಅವನ ಬಳಿ ಏನು ಉಳಿಯುತ್ತಿತ್ತು? ನಮ್ಮ ಗುಮಾಸ್ತ ಬಂಧುಗಳಿಗೂ ಒಂದು ಮಾತು: ಕೆಲಸಕ್ಕೆ ಸೇರುವಾಗ ನೀವು ಸಹಿ ಹಾಕಿದ ಕರಾರನ್ನು ಒಮ್ಮೆ ತೆಗೆದು ಓದಿರಿ. ಬೇರೆ ಸಂಪಾದನೆಗೆ ಒಪ್ಪಿಗೆ ಬೇಕೆಂದು ಅದರಲ್ಲಿದ್ದರೆ ಮೊದಲು ಒಪ್ಪಿಗೆ ಪಡೆಯಿರಿ. ಕಚೇರಿಯ ಕಡತವಾಗಲಿ, ಗಣಕದ ಪರದೆಯಾಗಲಿ ಚಿತ್ರದಲ್ಲಿ ಬಾರದಿರಲಿ.

ಹೊಗಳಿಕೆಯ ನೊರೆ

ವ್ಲಾಗರು ಹೊಟೇಲಿಗೆ ಬಂದರೆ ಏನಾಗುತ್ತದೆ? ನಮ್ಮ ಹೈದರಾಬಾದೇ ಇದಕ್ಕೆ ಉತ್ತರ ಹೇಳಿತು. ಮಾದಾಪುರದ ಬಳಿ ರಸ್ತೆಬದಿಯಲ್ಲಿ ಅನ್ನ ಸಾರು ಮಾರುತ್ತಿದ್ದ ಸಾಯಿ ಕುಮಾರಿ ಎಂಬಾಕೆ ವ್ಲಾಗರುಗಳಿಂದ ಕುಮಾರಿ ಆಂಟಿ ಎಂದು ಪ್ರಸಿದ್ಧಳಾದಳು. ಜನ ಮುತ್ತಿದರು, ರಸ್ತೆಯಲ್ಲಿ ವಾಹನಗಳು ನಿಂತವು, ೨೦೨೪ರ ಜನವರಿಯಲ್ಲಿ ಪೊಲೀಸರು ಅಂಗಡಿಯನ್ನು ಎತ್ತಿಸಹೊರಟರು. ಕೊನೆಗೆ ಮುಖ್ಯಮಂತ್ರಿಗಳೇ ಮಧ್ಯೆ ಬಂದು ಅಲ್ಲೇ ನಡೆಸಲು ಬಿಡಬೇಕೆಂದು ತಿಳಿಸಬೇಕಾಯಿತು. ಅನ್ನ ಕೊಟ್ಟದ್ದೂ ಕ್ಯಾಮರವೇ, ಅನ್ನಕ್ಕೆ ಕುತ್ತು ತಂದದ್ದೂ ಕ್ಯಾಮರವೇ.

ದಿಲ್ಲಿಯ ಮಾಲವೀಯ ನಗರದ ಬಾಬಾ ಕಾ ಢಾಬಾದ ಕಥೆ ಇನ್ನೂ ಬೋಧಪ್ರದ. ೨೦೨೦ರ ಅಕ್ಟೋಬರಿನಲ್ಲಿ ಗಿರಾಕಿಗಳಿಲ್ಲದೆ ಕಣ್ಣೀರಿಡುತ್ತಿದ್ದ ಕಾಂತಾ ಪ್ರಸಾದ್ ಎಂಬ ವೃದ್ಧರನ್ನು ಒಬ್ಬ ವ್ಲಾಗರನು ತೋರಿಸಿದ. ಮಾರನೆಯ ದಿನವೇ ಢಾಬಾದ ಮುಂದೆ ಸಾಲು ನಿಂತಿತು. ಹಣದ ಸಹಾಯ ಹರಿದು ಬಂತು. ಆ ಹಣದ ವಿಚಾರವಾಗಿ ಇಬ್ಬರಿಗೂ ಮನಸ್ತಾಪ ಬಂದು ಪೊಲೀಸ್ ದೂರಿನವರೆಗೆ ಹೋಯಿತು. ಡಿಸೆಂಬರಿನಲ್ಲಿ ವೃದ್ಧರು ದೊಡ್ಡ ಹೊಟೇಲು ತೆರೆದರು. ಕೆಲವೇ ತಿಂಗಳಲ್ಲಿ ಅದು ಮುಚ್ಚಿ, ಅವರು ಹಳೆಯ ಢಾಬಾಕ್ಕೇ ಹಿಂದಿರುಗಿದರು. ಚಿತ್ರ ನೋಡಿ ಬಂದವನು ಒಮ್ಮೆ ಬರುತ್ತಾನೆ. ರುಚಿ ನೋಡಿದವನು ಮಾತ್ರ ಮತ್ತೆ ಬರುತ್ತಾನೆ. ಹೊಗಳಿಕೆ ಕಾಫಿಯ ಮೇಲಿನ ನೊರೆಯಂತೆ. ನೋಡಲು ಚೆಂದ, ಹೊಟ್ಟೆ ತುಂಬಿಸುವುದು ಕೆಳಗಿನ ಕಾಫಿ.

ಹಣ ಪಡೆದು ಹೊಗಳುವವರೂ ಇದ್ದಾರೆ. ನಮ್ಮ ಹೊಟೇಲಿಗೂ ಒಮ್ಮೆ ಅಂಥವರೊಬ್ಬರು ಬಂದು, ಇಷ್ಟು ಕೊಟ್ಟರೆ ಇಂಥ ಮಾತು, ಕೊಡದಿದ್ದರೆ ಮಾತಿಲ್ಲ ಎಂದು ದರಪಟ್ಟಿ ಹೇಳಿದರು. ಕಾಫಿ ಕೊಟ್ಟು ಕಳಿಸಿದೆವು. ಜಾಹೀರಾತು ಮಂಡಳಿಯು ೨೦೨೧ರಲ್ಲೇ, ಹಣವನ್ನೋ ವಸ್ತುವನ್ನೋ ಪಡೆದು ಮಾಡಿದ ಚಿತ್ರದಲ್ಲಿ ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ನಿಯಮ ಮಾಡಿದೆ. ೨೦೨೩ರ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಇದೇ ಅರ್ಥದ ಸೂಚನೆ ಹೊರಡಿಸಿತು. ನಮ್ಮ ಹುಡುಗರು ವ್ಲಾಗರಾದರೆ ಈ ನಿಯಮವನ್ನು ನೆನಪಿಡಲಿ. ಉಂಡ ಮನೆಯ ಗುಣ ಹೇಳುವುದು ಸಜ್ಜನಿಕೆ. ಉಣ್ಣದ ಮನೆಯ ಗುಣವನ್ನು ದುಡ್ಡಿಗೆ ಹೇಳುವುದು ಬೇರೆ.

ಇನ್ನೊಬ್ಬರ ಮುಖ

ಚಿತ್ರ ನಮ್ಮದಾದರೂ ಮುಖ ಇನ್ನೊಬ್ಬರದಾಗಿರಬಹುದು. ಒಂದೇ ಕೋಣೆಯಲ್ಲಿ ಆರು ಜನ ಮಲಗುವಲ್ಲಿ ಒಬ್ಬನು ತನ್ನ ದಿನಚರಿ ತೋರಿಸಿದರೆ ಉಳಿದ ಐವರ ಬಡತನವೂ ಅದರೊಳಗೆ ಬರುತ್ತದೆ. ಒಬ್ಬನು ಊರಲ್ಲಿ ತಾನು ಕ್ಲೀನರೆಂದು ಹೇಳಿರಲಾರ. ಇನ್ನೊಬ್ಬನ ತಂಗಿಗೆ ಸಂಬಂಧ ನೋಡುತ್ತಿರಬಹುದು. ಯಾರ ಮುಸುಕನ್ನೂ ಅವರು ನಿದ್ರೆಯಲ್ಲಿರುವಾಗ ಸರಿಸಬಾರದು.

ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡತಕ್ಕ ಒಂದು ಸಂಗತಿಯಿದೆ. ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ, ಎಂಬತ್ತಾರರ ಇಳಿವಯಸ್ಸಿನಲ್ಲಿ, ಅವರು ಕೋರ್ಟಿನ ಮೆಟ್ಟಿಲೇರಿದ್ದರು, ೨೦೨೪ರಲ್ಲಿ ಸ್ವರ್ಗಸ್ಥರಾದರು. ಆ ತೀರ್ಪು ಬಹುಮಟ್ಟಿಗೆ ಸರ್ಕಾರಕ್ಕೂ ಪ್ರಜೆಗೂ ಸಂಬಂಧಿಸಿದ್ದು ನಿಜ. ಆದರೂ ಬಡವನಿಗೂ ತನ್ನದೆಂಬ ಒಂದು ಬಾಗಿಲುಂಟೆಂಬ ಅದರ ತತ್ತ್ವ ನಮ್ಮ ಮಹಡಿಯ ಕೋಣೆಗೂ ಸಲ್ಲುತ್ತದೆ. ಕೇಳಿ ತೆಗೆಯಿರಿ; ಬೇಡವೆಂದರೆ ಬಿಡಿರಿ. ಇಷ್ಟೇ ಧರ್ಮ.

ಏನನ್ನು ತೋರಿಸಬೇಕು?

ಹಾಗಾದರೆ ವ್ಲಾಗಿಗೆ ಬೆಲೆಯಿಲ್ಲವೇ? ಇದೆ, ಬಹಳ ಇದೆ. ಹೊಟೇಲಿನವರ ಬಾಳುವೆಯನ್ನು ಬರೆದಿಟ್ಟವರು ಕಡಿಮೆ. ಗುಂಡ್ಲುಕಲ್ಲಿನಲ್ಲಿ ರುಬ್ಬಿದವರು, ಬೆಂಚಿನ ಮೇಲೆ ಮಲಗಿ ರಾತ್ರಿಶಾಲೆಗೆ ಹೋದವರು, ತಿಂಗಳಿಗೆ ಇಪ್ಪತ್ತು ರೂಪಾಯಿ ಉಳಿಸಿ ತಂಗಿಯ ಮದುವೆ ಮಾಡಿದವರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ಕೈ ಹೇಗೆ ಹಿಟ್ಟಿನ ಹದ ನೋಡುತ್ತಿತ್ತು, ಹುಳಿ ಬಂತೆಂದು ಮೂಗು ಹೇಗೆ ಹೇಳುತ್ತಿತ್ತು ಎಂಬುದು ಯಾವ ಗ್ರಂಥದಲ್ಲೂ ಇಲ್ಲ. ಹೈದರಾಬಾದಿನ ಹಳೆಯ ಕನ್ನಡ ಮನೆಗಳಲ್ಲಿ ಇನ್ನೂ ಕೆಲವರು ವೃದ್ಧರಿದ್ದಾರೆ. ೧೯೪೮ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯನ್ನು ಬಾಲ್ಯದಲ್ಲಿ ಕಂಡವರು ಅವರು. ೧೯೫೬ರ ನವೆಂಬರ್ ೧ರಂದು ಕಲಬುರ್ಗಿ, ಬೀದರ್, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ತಾವು ಇಲ್ಲಿಯೇ ಉಳಿದವರು. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡ ಕಲಿತವರಿದ್ದಾರೆ. ಇವರ ಎದುರು ಒಂದು ಭಾನುವಾರ ಕುಳಿತು, ಒಪ್ಪಿಗೆ ಪಡೆದು, ಅವರ ಮಾತನ್ನು ಫೋನಿನಲ್ಲಿ ಹಿಡಿದಿಟ್ಟರೆ ಅದು ಹತ್ತು ಕುಣಿತಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಮಾಡುವವರಿಗೆ ಅನುಭವಿಗಳಿಂದ ಕೇಳಿ ತಿಳಿದ ಕೆಲವು ಸೂಚನೆಗಳು: ಬೆಳಕು ಮುಖದ ಮೇಲಿರಲಿ, ಕಿಟಕಿ ಬೆನ್ನಿಗಿರುವುದು ಬೇಡ. ಫ್ಯಾನನ್ನೂ ಗ್ರೈಂಡರನ್ನೂ ನಿಲ್ಲಿಸಿ ಮಾತಾಡಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಗ್ರಾಂಥಿಕ ಭಾಷೆಯ ಹಂಗು ಬೇಡ. ಬೀದರಿನವನು ಬೀದರಿನಂತೆ, ಕುಂದಾಪುರದವನು ಕುಂದಾಪುರದಂತೆ ಮಾತಾಡಲಿ. ಸಿನೆಮಾ ಹಾಡುಗಳನ್ನು ಕೇಳದೆ ಬಳಸಿದರೆ ಹಕ್ಕಿನ ತಗಾದೆ ಬಂದೀತು. ಟಿಕ್‌ಟಾಕಿನವರ ಗತಿಯನ್ನು ನೆನೆದು, ತೆಗೆದ ಚಿತ್ರದ ಒಂದು ಪ್ರತಿಯನ್ನು ನಿಮ್ಮಲ್ಲೇ ಬೇರೆಯಾಗಿ ಇಟ್ಟುಕೊಳ್ಳಿ. ನೋಡಿದವರ ಸಂಖ್ಯೆಯನ್ನು ಗಂಟೆಗೊಮ್ಮೆ ನೋಡಬೇಡಿ. ಇಟ್ಟ ಅನ್ನ ಬೆಂದಿತೇ ಎಂದು ಪದೇ ಪದೇ ಮುಚ್ಚಳ ತೆಗೆದರೆ ಅನ್ನ ಬೇಗ ಬೇಯುವುದಿಲ್ಲ.

ಕೊನೆಯ ಮಾತು

ಬೈಂದೂರಿನ ಆ ಹುಡುಗನ ಸುದ್ದಿಯನ್ನು ವಾಚಕರು ಕೇಳಬಹುದು. ಅವನು ಪ್ರಸಿದ್ಧನಾಗಲಿಲ್ಲ. ಈಗ ಬೇರೊಂದು ಊರಿನ ಹೊಟೇಲಿನಲ್ಲಿ ದೋಸೆಭಟ್ಟನಾಗಿದ್ದಾನೆ. ಸಂಬಳ ಮೊದಲಿಗಿಂತ ಮೇಲು. ಕಳೆದ ದೀಪಾವಳಿಯಲ್ಲಿ ಹೈದರಾಬಾದಿಗೆ ಬಂದಾಗ ನಮ್ಮ ಕಚೇರಿಯನ್ನು ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು, ಫೋನನ್ನು ಕೈಯಲ್ಲಿ ಹಿಡಿದು, "ತೆಗೀಲಾ ಸಾರ್?" ಎಂದು ಕೇಳಿದ. ಅವನ ಜೊತೆ ಕೆಲಸ ಮಾಡಿದ್ದ ಇಬ್ಬರು ಅಂದು ನಮ್ಮಲ್ಲಿದ್ದರು. ಹಿಂದೆ ಒಬ್ಬನೇ ಇದ್ದಾಗ ಹೇಳಿದ್ದ ಮಾತನ್ನು ಅವರೆದುರು, ಅವನ ಕ್ಯಾಮರದ ಎದುರು, ಪೂರ್ಣವಾಗಿ ಹೇಳಿದೆವು: ಅಂದು ನಾವು ಮಾಡಿದ್ದು ತಪ್ಪು.

ಆ ಚಿತ್ರವನ್ನು ಎಷ್ಟು ಜನ ನೋಡಿದರೆಂದು ನಾವು ವಿಚಾರಿಸಲಿಲ್ಲ. ಅವನ ತಾಯಿ ನೋಡಿದರೆಂದು ಮಾತ್ರ ತಿಳಿಯಿತು. ಸಾವ್ಕಾರ್ರು ಸ್ವಲ್ಪ ಬಡವಾಗಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳು ಎಂದು ಮಗನಲ್ಲಿ ಹೇಳಿಕಳಿಸಿದ್ದರು.